ಕರಡಿಗೆ ಗುಂಡೋ, ಖಾರವೋ?

ಕೈಯಲ್ಲಿ ಗನ್ ಇದ್ರೆ ಕರಡಿಗೆ ಯಾಕೆ ಹೆದರಬೇಕು? ಈ ಪ್ರಶ್ನೆ ಅಮೆರಿಕದ ಅಲಾಸ್ಕಾದಲ್ಲಿ, ಯೆಲ್ಲೋಸ್ಟೋನ್ ಸುತ್ತಮುತ್ತ ಇವತ್ತಿಗೂ ಚರ್ಚೆಯಲ್ಲಿದೆ.

ಲೆಕ್ಕ ನೋಡಿ. ಗ್ರಿಜ್ಲಿ ಕರಡಿ ಗಂಟೆಗೆ ಸುಮಾರು 55 ಕಿಲೋಮೀಟರ್ ವೇಗದಲ್ಲಿ ಓಡುತ್ತೆ. 30 ಮೀಟರ್ ದೂರದಲ್ಲಿದ್ದ ಕರಡಿ ಎರಡೇ ಸೆಕೆಂಡಿನಲ್ಲಿ ನಿಮ್ಮ ಮೈಮೇಲೆ! ಅಷ್ಟರಲ್ಲಿ ಗನ್ ತೆಗೆದು, ನಡುಗುವ ಕೈಯಲ್ಲೇ ಗುರಿಯಿಟ್ಟು ಹೊಡೀಬೇಕು. ಕರಡಿ ಸ್ಪ್ರೇಗೆ ಅಷ್ಟು ನಿಖರ ಗುರಿ ಬೇಡ. ಅದರಲ್ಲಿರೋದು ಮೆಣಸಿನಕಾಯಿಯ ಖಾರದ ಅಂಶ. ಎಂಟು-ಒಂಬತ್ತು ಮೀಟರ್‌ವರೆಗೆ ಮೋಡದಂತೆ ಹರಡಿ, ಕರಡಿಯ ಕಣ್ಣು, ಮೂಗು ಉರಿಸುತ್ತೆ.

ಟಾಮ್ ಸ್ಮಿತ್ ಮತ್ತು ಸಂಗಡಿಗರು ಅಲಾಸ್ಕಾದ ಪ್ರಕರಣಗಳನ್ನು ಅಧ್ಯಯನ ಮಾಡಿದರು. 2008ರ ವರದಿ ಪ್ರಕಾರ, ಕಂದು ಕರಡಿಗಳ ಮೇಲೆ ಸ್ಪ್ರೇ ಬಳಸಿದಾಗ ಶೇ 92ರಷ್ಟು ಸಲ ಫಲ ಸಿಕ್ಕಿತ್ತು. 2012ರಲ್ಲಿ ಗನ್ ಇದ್ದವರ 269 ಪ್ರಕರಣ ನೋಡಿದರು. ಗುಂಡು ಹಾರಿಸಿದವರಿಗೂ ಹಾರಿಸದವರಿಗೂ ಗಾಯದ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಹಾಗಂತ ಈ ಎರಡು ವರದಿಗಳನ್ನು ತಕ್ಕಡಿಗೆ ಹಾಕಿ ತೂಗೋಕಾಗಲ್ಲ, ಸಂದರ್ಭಗಳೇ ಬೇರೆ. ಸ್ಪ್ರೇಗೂ ಮಿತಿ ಇದೆ: ಎದುರುಗಾಳಿ ಬೀಸಿದರೆ ಖಾರ ನಮ್ಮ ಕಣ್ಣಿಗೇ!

ಯೆಲ್ಲೋಸ್ಟೋನ್ ಪಾರ್ಕಿನಲ್ಲಿ ಕಾನೂನುಬದ್ಧ ಗನ್ ಇಟ್ಟುಕೊಳ್ಳಬಹುದು, ಹಾರಿಸುವಂತಿಲ್ಲ. ಅಲ್ಲಿನ ಅಧಿಕಾರಿಗಳ ಸಲಹೆ ಸ್ಪ್ರೇ.

ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗಿ ಅಲ್ಲಿಗೆ ಪ್ರವಾಸ ಹೊರಡುವವರೇ, ಗಮನಿಸಿ. ಸ್ಪ್ರೇಯನ್ನು ವಿಮಾನದಲ್ಲಿ ಒಯ್ಯುವಂತಿಲ್ಲ, ಅಲ್ಲೇ ಕೊಳ್ಳಬೇಕು. ಕೊಂಡಮೇಲೆ ಸೊಂಟದಲ್ಲೇ ಇರಲಿ. ಬ್ಯಾಗಿನ ತಳದಲ್ಲಿದ್ದರೆ ಗನ್ನೂ ಒಂದೇ, ಸ್ಪ್ರೇಯೂ ಒಂದೇ: ಎರಡೂ ದಂಡ.