ಬೂಷ್ಟು ಹಿಡಿದ ದ್ರಾಕ್ಷಿಯ ಸಿಹಿ: ಹಂಗೇರಿಯ ಟೊಕಾಯಿ ಅಸೂ

ಹಂಗೇರಿಯ ಈಶಾನ್ಯ ಮೂಲೆಯಲ್ಲಿ ಬೊದ್ರೋಗ್ ಮತ್ತು ತಿಸಾ ನದಿಗಳು ಕೂಡುವಲ್ಲಿ ಟೊಕಾಯ್ ಎಂಬ ಸಣ್ಣ ಊರಿದೆ. ಊರಿನ ಹಿಂದೆ ಜೆಂಪ್ಲೇನ್ ಬೆಟ್ಟಸಾಲು. ಅದರ ತಪ್ಪಲಿನಲ್ಲಿ, ಎಂದೋ ಆರಿಹೋದ ಜ್ವಾಲಾಮುಖಿಗಳು ಬಿಟ್ಟ ಮಣ್ಣಿನಲ್ಲಿ, ದ್ರಾಕ್ಷಿತೋಟಗಳು ಹಬ್ಬಿವೆ. ಊಟದ ಕೊನೆಗೆ ಚಿಕ್ಕ ಲೋಟದಲ್ಲಿ ಹೀರುವ ‘ಟೊಕಾಯಿ ಅಸೂ’ ಎಂಬ ಸಿಹಿ ವೈನ್ ಈ ಸೀಮೆಯದು. ಇದಕ್ಕೆ ಸಕ್ಕರೆ ಬೆರೆಸುವುದಿಲ್ಲ, ಬೇರೆ ಮದ್ಯವನ್ನೂ ಸೇರಿಸುವುದಿಲ್ಲ. ಸಿಹಿಯೆಲ್ಲ ಬರುವುದು ಬಳ್ಳಿಯಲ್ಲೇ ಬೂಷ್ಟು ಹಿಡಿದು ಒಣಗಿದ ಹಣ್ಣಿನಿಂದ.

ಈ ಬೂಷ್ಟಿನ ಹೆಸರು ಬೊಟ್ರೈಟಿಸ್ ಸಿನೆರಿಯಾ. ಶರತ್ಕಾಲದ ಬೆಳಗ್ಗೆ ನದಿಗಳಿಂದ ಎದ್ದ ಮಂಜು ತೋಟಗಳನ್ನು ಕವಿದಾಗ ಆ ತೇವದಲ್ಲಿ ಅದು ಹಣ್ಣಿನ ಮೇಲೆ ಬೆಳೆಯುತ್ತದೆ. ಮಧ್ಯಾಹ್ನದ ಬಿಸಿಲು ಮತ್ತು ಗಾಳಿ ಅದನ್ನು ಮಿತಿಮೀರದಂತೆ ತಡೆಯುತ್ತವೆ. ಬೂಷ್ಟು ಸಿಪ್ಪೆಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳನ್ನು ಕೊರೆದಿರುತ್ತದೆ. ಅವುಗಳ ಮೂಲಕ ನೀರು ಆವಿಯಾಗಿ ಹಣ್ಣು ಸುಕ್ಕುಗಟ್ಟುತ್ತದೆ. ಒಳಗಿನ ಸಕ್ಕರೆಯೂ ಹುಳಿಯೂ ಗಟ್ಟಿಯಾಗುತ್ತವೆ. ಜೊತೆಗೆ ಗ್ಲಿಸರಾಲ್ ಹುಟ್ಟಿ ರಸಕ್ಕೆ ಮಂದತೆ ಬರುತ್ತದೆ. ಜೇನು, ಒಣಗಿದ ಏಪ್ರಿಕಾಟ್, ಕಿತ್ತಳೆ ಸಿಪ್ಪೆಗಳನ್ನು ನೆನಪಿಸುವ ಪರಿಮಳ ಮೂಡುತ್ತದೆ. ಮಳೆ ಬಿಡದೆ ಹಿಡಿದರೆ ಮಾತ್ರ ಇದೇ ಬೂಷ್ಟು ಬರೀ ಕೊಳೆರೋಗವಾಗಿ ಗೊಂಚಲಿಗೆ ಗೊಂಚಲನ್ನೇ ನುಂಗಿಹಾಕುತ್ತದೆ. ಹಾಗಾಗಿ ಎಲ್ಲ ವರ್ಷವೂ ಒಳ್ಳೆಯ ಅಸೂ ಸಿಗುವುದಿಲ್ಲ. ಕೆಲವು ವರ್ಷ ಬಹುತೇಕ ಸಿಗುವುದೇ ಇಲ್ಲ.

ಇಲ್ಲಿ ಬಳಸಲು ಅನುಮತಿಯಿರುವ ದ್ರಾಕ್ಷಿ ತಳಿಗಳು ಆರು. ಫುರ್ಮಿಂಟ್ ಅವುಗಳಲ್ಲಿ ಮುಖ್ಯವಾದದ್ದು, ಹಾರ್ಶ್‌ಲೆವೆಲ್ಯೂ ಅದರ ನಂತರದ್ದು. ಫುರ್ಮಿಂಟ್ ತಡವಾಗಿ ಮಾಗುತ್ತದೆ, ಮಾಗಿದ ಮೇಲೂ ಹುಳಿ ಬಿಡುವುದಿಲ್ಲ. ಟೊಕಾಯಿಯ ಕೀರ್ತಿಯಲ್ಲಿ ಬೂಷ್ಟಿಗೆ ಸಲ್ಲುವಷ್ಟೇ ಪಾಲು ಈ ಹುಳಿಗೂ ಸಲ್ಲಬೇಕು. ಸಿಹಿ ತರುವುದು ದೊಡ್ಡ ವಿದ್ಯೆಯಲ್ಲ. ಅಷ್ಟು ಸಿಹಿ ಇದ್ದೂ ಮುಖಕ್ಕೆ ಹೊಡೆಯದಂತೆ ಮಾಡುವುದೇ ವಿದ್ಯೆ.

ಅಸೂವಿನ ಹುಟ್ಟಿನ ಬಗ್ಗೆ ಆ ಸೀಮೆಯಲ್ಲೊಂದು ಪ್ರಸಿದ್ಧ ಕತೆಯಿದೆ. 1630ರ ಆಸುಪಾಸಿನಲ್ಲಿ ತುರ್ಕರ ದಾಳಿಯ ಭಯದಿಂದ ಕೊಯ್ಲು ತಡವಾಯಿತಂತೆ. ಓರೆಮುಶ್ ತೋಟದಲ್ಲಿ ಒಣಗಿ ಬೂಷ್ಟು ಹಿಡಿದಿದ್ದ ಹಣ್ಣನ್ನು ಎಸೆಯಲು ಮನಸ್ಸು ಬಾರದೆ ಮಾತೆ ಸೆಪ್ಸಿ ಲಾತ್ಸ್ಕೋ ಎಂಬ ಕ್ರೈಸ್ತ ಬೋಧಕ ಅದರಿಂದ ವೈನ್ ಮಾಡಿ, ಈಸ್ಟರ್ ಹಬ್ಬಕ್ಕೆ ತನ್ನ ಒಡತಿ ಜುಜಾನ್ನಾ ಲೋರಾಂತ್‌ಫಿಗೆ ಒಪ್ಪಿಸಿದನಂತೆ. ಕತೆ ಚೆನ್ನಾಗಿದೆ, ದಾಖಲೆ ಮಾತ್ರ ಒಪ್ಪುವುದಿಲ್ಲ. 1571ರ ಒಂದು ಆಸ್ತಿಪತ್ರದಲ್ಲೇ ಅಸೂ ವೈನಿನ ಉಲ್ಲೇಖವಿದೆ. ಬೋಧಕನು ಇದ್ದದ್ದು ನಿಜ, ಆದರೆ ಮೊದಲಿಗನಾಗಿರಲಿಲ್ಲ.

18ನೇ ಶತಮಾನ ಟೊಕಾಯಿಯ ವೈಭವದ ಕಾಲ. ಟ್ರಾನ್ಸಿಲ್ವೇನಿಯಾದ ರಾಜಕುಮಾರ ಎರಡನೇ ಫೆರೆಂಕ್ ರಾಕೋತ್ಸಿ ಫ್ರಾನ್ಸಿನ ಹದಿನಾಲ್ಕನೇ ಲೂಯಿಗೆ ಈ ವೈನನ್ನು ಉಡುಗೊರೆಯಾಗಿ ಕಳುಹಿಸಿದ. ಹ್ಯಾಬ್ಸ್‌ಬರ್ಗ್ ದೊರೆಗಳ ವಿರುದ್ಧ ಎದ್ದಿದ್ದ ಅವನಿಗೆ ಫ್ರಾನ್ಸಿನ ನೆರವು ಬೇಕಾಗಿತ್ತು ಎಂಬುದನ್ನೂ ಇಲ್ಲಿ ನೆನೆಯಬೇಕು. ರಷ್ಯಾದ ಅರಮನೆಯಂತೂ 1733ರಿಂದ ಹಲವು ದಶಕಗಳ ಕಾಲ ಟೊಕಾಯ್‌ನಲ್ಲಿ ಖರೀದಿಗೆಂದೇ ತನ್ನ ಜನರನ್ನು ಇರಿಸಿತ್ತು. ಇಷ್ಟು ಬೇಡಿಕೆ ಇದ್ದಲ್ಲಿ ನಕಲಿಯೂ ಇರುತ್ತದೆ. 1737ರಲ್ಲಿ ರಾಜಾಜ್ಞೆಯೊಂದು ಯಾವ ಯಾವ ಊರುಗಳ ವೈನಿಗೆ ಟೊಕಾಯಿ ಎನ್ನಬಹುದೆಂದು ಗಡಿ ಹಾಕಿತು. ಜಗತ್ತಿನಲ್ಲಿ ಹೀಗೆ ಕಾನೂನಿನಿಂದ ಗುರುತಿಸಲ್ಪಟ್ಟ ಅತಿ ಹಳೆಯ ವೈನ್ ಸೀಮೆಗಳಲ್ಲಿ ಇದೂ ಒಂದು. ಹಂಗೇರಿಯ ರಾಷ್ಟ್ರಗೀತೆಯಾಗಿರುವ, 1823ರಲ್ಲಿ ಫೆರೆಂಕ್ ಕೊಲ್ಚೆಯಿ ಬರೆದ ಕವಿತೆಯಲ್ಲೂ ಟೊಕಾಯಿಯ ಹೆಸರು ಬರುತ್ತದೆ.

ತಯಾರಿಕೆಯ ಮೊದಲ ಹೆಜ್ಜೆಯೇ ತಾಳ್ಮೆಯ ಪರೀಕ್ಷೆ. ಬೂಷ್ಟು ಹಿಡಿದು ಒಣಗಿದ ಹಣ್ಣುಗಳನ್ನು ಗೊಂಚಲಿನಿಂದ ಒಂದೊಂದಾಗಿ ಕೈಯಿಂದಲೇ ಆರಿಸಬೇಕು. ಒಂದು ಗೊಂಚಲಿನ ಹಣ್ಣೆಲ್ಲ ಒಟ್ಟಿಗೆ ಆ ಹದಕ್ಕೆ ಬರುವುದಿಲ್ಲ. ಅದೇ ಬಳ್ಳಿಗೆ ಮತ್ತೆ ಮತ್ತೆ ಬರಬೇಕಾಗುತ್ತದೆ. ದಿನವಿಡೀ ದುಡಿದರೂ ಒಬ್ಬರ ಕೈಗೆ ಸಿಗುವುದು ಕೆಲವೇ ಕಿಲೋ. ಸಂಪ್ರದಾಯದಂತೆ ಈ ಕೊಯ್ಲು ಅಕ್ಟೋಬರ್ ಕೊನೆಯಲ್ಲಿ ಶುರುವಾಗಿ ನವೆಂಬರಿಗೂ ಚಾಚುತ್ತದೆ.

ಆರಿಸಿದ ಹಣ್ಣನ್ನು ತೊಟ್ಟಿಯಲ್ಲಿ ರಾಶಿ ಹಾಕಿದಾಗ ಅದರದೇ ಭಾರಕ್ಕೆ ತಳದಿಂದ ಸ್ವಲ್ಪ ರಸ ಜಿನುಗುತ್ತದೆ. ಇದಕ್ಕೆ ಎಸೆನ್ಸಿಯಾ ಎಂದು ಹೆಸರು. ಲೀಟರಿಗೆ ಕನಿಷ್ಠ 450 ಗ್ರಾಂ ಸಕ್ಕರೆಯಿರುವ ಇದು ಜೋನಿಬೆಲ್ಲದ ಹಾಗೆ ನಿಧಾನವಾಗಿ ಹರಿಯುತ್ತದೆ. ಇಷ್ಟು ಸಕ್ಕರೆಯ ನಡುವೆ ಯೀಸ್ಟ್ ಕೂಡ ಬಳಲುತ್ತದೆ. ಹುದುಗಲು ವರ್ಷಗಳೇ ಬೇಕು, ಆಮೇಲೂ ಮದ್ಯಾಂಶ ಸಾಮಾನ್ಯ ಬಿಯರಿನ ಮಟ್ಟವನ್ನು ಮುಟ್ಟುವುದು ಅಪರೂಪ.

ಉಳಿದ ಹಣ್ಣನ್ನು ಹಿಂದೆ ಕಾಲಿನಿಂದ ತುಳಿದು ಮುದ್ದೆ ಮಾಡುತ್ತಿದ್ದರು. ಆ ಮುದ್ದೆಯನ್ನು ಸಾಧಾರಣ ದ್ರಾಕ್ಷಿಯ ತಾಜಾ ರಸದಲ್ಲೋ, ಹುದುಗುತ್ತಿರುವ ರಸದಲ್ಲೋ, ಸಿದ್ಧವಾದ ವೈನಿನಲ್ಲೋ ಒಂದೆರಡು ದಿನ ನೆನೆಹಾಕಿ, ಹಿಂಡಿ, ಪೀಪಾಯಿಗೆ ತುಂಬುತ್ತಾರೆ. ಅಳತೆಯೂ ಇಲ್ಲಿಂದಲೇ ಬಂದದ್ದು. ಸುಮಾರು 25 ಕಿಲೋ ಹಿಡಿಯುವ ಬೆನ್ನುಬುಟ್ಟಿಗೆ ಪುಟ್ಟೋನ್ ಎನ್ನುತ್ತಾರೆ. 136 ಲೀಟರಿನ ಒಂದು ಪೀಪಾಯಿಗೆ ಇಂಥ ಎಷ್ಟು ಬುಟ್ಟಿ ಹಣ್ಣು ಬಿತ್ತು ಎಂಬುದರ ಮೇಲೆ ಮೂರರಿಂದ ಆರು ಪುಟ್ಟೋನ್ ಎಂದು ದರ್ಜೆ ಕಟ್ಟುತ್ತಿದ್ದರು. ಈಗ ಬುಟ್ಟಿ ಎಣಿಸುವವರಿಲ್ಲ, ಸಕ್ಕರೆ ಅಳೆಯುತ್ತಾರೆ. 2013ರ ನಿಯಮದ ಪ್ರಕಾರ ಅಸೂವಿನಲ್ಲಿ ಲೀಟರಿಗೆ ಕನಿಷ್ಠ 120 ಗ್ರಾಂ ಸಕ್ಕರೆ ಇರಬೇಕು, ಆರು ಪುಟ್ಟೋನ್ ಎನ್ನಬೇಕಾದರೆ 150 ಗ್ರಾಂ. ಮೂರು, ನಾಲ್ಕರ ದರ್ಜೆಗಳು ರದ್ದಾದವು. ಓಕ್ ಪೀಪಾಯಿಯಲ್ಲಿ ಕನಿಷ್ಠ 18 ತಿಂಗಳು ಮಾಗುವುದು ಕಡ್ಡಾಯ.

ಮಾಗುವ ಜಾಗವೂ ವಿಶೇಷವಾದದ್ದೇ. ಜ್ವಾಲಾಮುಖಿಯ ಬೂದಿಕಲ್ಲಿನಲ್ಲಿ ಕೊರೆದ ತಗ್ಗುಸೂರಿನ ಉದ್ದ ಸುರಂಗಗಳಲ್ಲಿ ವರ್ಷವಿಡೀ ತಂಪು ಮತ್ತು ತೇವ ಒಂದೇ ಸಮ ಇರುತ್ತವೆ. ಗೋಡೆಗಳ ಮೇಲೆ ಮೆತ್ತಗಿನ ಕಪ್ಪು ಬೂಷ್ಟು ದಪ್ಪಗೆ ಹಬ್ಬಿರುತ್ತದೆ. ಪೀಪಾಯಿಗಳಿಂದ ಆವಿಯಾಗುವ ಮದ್ಯಾಂಶವೇ ಅದರ ಆಹಾರ. ಹೊರಗೆ ತೋಟದಲ್ಲಿ ಒಂದು ಬೂಷ್ಟು, ಒಳಗೆ ನೆಲಮಾಳಿಗೆಯಲ್ಲಿ ಇನ್ನೊಂದು.

19ನೇ ಶತಮಾನದ ಕೊನೆಗೆ ಫಿಲಾಕ್ಸೆರಾ ಎಂಬ ಬೇರುಹೇನು ಬಂದು ತೋಟಗಳನ್ನು ಹಾಳುಮಾಡಿತು. 1920ರ ಟ್ರಿಯಾನನ್ ಒಪ್ಪಂದದಲ್ಲಿ ಸೀಮೆಯ ಒಂದು ಸಣ್ಣ ಭಾಗ ಗಡಿಯಾಚೆ ಹೋಯಿತು. ಅದು ಇಂದಿನ ಸ್ಲೊವಾಕಿಯಾದಲ್ಲಿದೆ. ಎರಡನೇ ಮಹಾಯುದ್ಧದ ನಂತರದ ಕಮ್ಯುನಿಸ್ಟ್ ಆಡಳಿತದಲ್ಲಿ ಸರ್ಕಾರಿ ಸಂಸ್ಥೆ ಎಲ್ಲರ ದ್ರಾಕ್ಷಿಯನ್ನೂ ಒಟ್ಟುಗೂಡಿಸಿ ಸೋವಿಯತ್ ಮಾರುಕಟ್ಟೆಗೆ ರಾಶಿಗಟ್ಟಲೆ ಕಳಿಸಿತು, ಗುಣಮಟ್ಟ ಕುಸಿಯಿತು. 1990ರ ನಂತರ ಇಂಗ್ಲೆಂಡ್, ಫ್ರಾನ್ಸ್, ಸ್ಪೇನ್‌ಗಳಿಂದ ಹೂಡಿಕೆ ಬಂತು; ಇಶ್ತ್ವಾನ್ ಸೆಪ್ಶಿಯಂಥ ಸ್ಥಳೀಯರು ತೋಟದ ಇಳುವರಿ ತಗ್ಗಿಸಿ ಹಣ್ಣಿನ ಗುಣ ಹೆಚ್ಚಿಸಿದರು. ಹಳೆಯ ಕಂದುಬಣ್ಣದ, ಗಾಳಿ ತಾಗಿದ ರುಚಿಯ ಬದಲು ಹೊಳೆಯುವ ಹೊಂಬಣ್ಣದ, ಹಣ್ಣಿನ ಪರಿಮಳ ಉಳಿಸಿಕೊಂಡ ವೈನ್ ಬಂತು. ನಿಜವಾದ ಟೊಕಾಯಿ ಯಾವುದೆಂಬ ವಾದವೂ ಅದರೊಟ್ಟಿಗೇ ಬಂತು. 2002ರಲ್ಲಿ ಯುನೆಸ್ಕೋ ಈ ಸೀಮೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಅಸೂ ಸಾಮಾನ್ಯವಾಗಿ ಬರುವುದು ಅರ್ಧ ಲೀಟರಿನ ಉದ್ದಕತ್ತಿನ ಬಾಟಲಿಯಲ್ಲಿ. ತಣ್ಣಗಿರಬೇಕು, ಕೊರೆಯುವಷ್ಟಲ್ಲ, 12 ಡಿಗ್ರಿ ಸೆಲ್ಸಿಯಸ್ ಆಸುಪಾಸು ಸರಿ. ಏಪ್ರಿಕಾಟ್ ಕಡುಬು, ಬಾದಾಮಿ ಕೇಕುಗಳ ಜೊತೆ ಒಪ್ಪುತ್ತದೆ. ತಿಂಡಿ ವೈನಿಗಿಂತ ಸಿಹಿಯಾಗಿದ್ದರೆ ಮಾತ್ರ ವೈನ್ ಸಪ್ಪೆಯೆನಿಸುತ್ತದೆ. ಉಪ್ಪುಪ್ಪಾದ ನೀಲಿಗೆರೆಯ ಚೀಸ್ ಇದಕ್ಕಿಂತಲೂ ಒಳ್ಳೆಯ ಜೊತೆ. ಒಳ್ಳೆಯ ವರ್ಷದ ಅಸೂ ಮುಚ್ಚಿದ ಬಾಟಲಿಯಲ್ಲಿ ದಶಕಗಳ ಕಾಲ ಬಾಳುತ್ತದೆ. ತೆರೆದದ್ದು ಫ್ರಿಜ್‌ನಲ್ಲಿ ಒಂದು ವಾರಕ್ಕೇನೂ ಕೆಡುವುದಿಲ್ಲ. ಎಸೆನ್ಸಿಯಾವನ್ನಂತೂ ಲೋಟಕ್ಕೆ ಸುರಿಯುವುದೇ ಕಡಿಮೆ, ಚಮಚದಲ್ಲಿ ಕೊಡುವುದು ವಾಡಿಕೆ.