ಬಾಯಿಲ್ಲದ ಕಾಳು, ಮಾತಿಲ್ಲದ ದುಃಖ

ಬಳಿಚಕ್ರದ ಕಡೆ ಸಾವಾದ ಮನೆಯಲ್ಲಿ ಅಂದು ಒಲೆ ಹೊತ್ತುವುದಿಲ್ಲ. ಓಣಿಯವರೇ ರೊಟ್ಟಿ, ಬೇಳೆ ತಂದು "ಒಂದು ತುತ್ತರೆ ತಿನ್ರಿ" ಎಂದು ಉಣಿಸುತ್ತಾರೆ. ಯಹೂದಿಗಳಲ್ಲೂ ಇಂಥದೇ ರೂಢಿಯಿದೆ ಎಂದು ಓದಿದಾಗ ನನಗೆ ಅಚ್ಚರಿಯಾಯಿತು.

ಯಹೂದಿಗಳು ನಮ್ಮ ನಾಡಿಗೆ ತೀರ ಹೊರಗಿನವರೇನಲ್ಲ. ಬೆಂಗಳೂರಿನ ಮೈಸೂರು ರಸ್ತೆಯಲ್ಲಿ ಅವರದೊಂದು ಹಳೆಯ ಸ್ಮಶಾನವಿದೆ. ಹೂಳಿ ಬಂದ ಮೇಲೆ ಮನೆಯವರು ಏಳು ದಿನ ತಗ್ಗಾದ ಪೀಠದ ಮೇಲೆ ಕೂರುತ್ತಾರೆ. ಇದಕ್ಕೆ 'ಶಿವಾ' ಎಂದು ಹೆಸರು. ಹೀಬ್ರೂವಿನಲ್ಲಿ ಏಳು ಎಂದರ್ಥ, ನಮ್ಮ ಶಿವನಿಗೂ ಇದಕ್ಕೂ ನಂಟಿಲ್ಲ. ಮೊದಲ ಊಟ ನೆರೆಯವರದೇ ಆಗಬೇಕು. ಅದರಲ್ಲಿ ಮೊಟ್ಟೆ, ಚನ್ನಂಗಿ ಬೇಳೆ ಇರುವುದು ವಾಡಿಕೆ. ಈ ಕಾಳಿಗೆ ಬಾಯಿಲ್ಲ, ದುಃಖಿತನಿಗೂ ಬಾಯಿಲ್ಲ ಎಂಬುದು ಅವರ ಹಿರಿಯರ ವಿವರಣೆ. (ಕಾಯಿಗೆ ಅಂಟಿಕೊಂಡಿದ್ದ ಗುರುತು ಚನ್ನಂಗಿಗೂ ಉಂಟು, ವಿಜ್ಞಾನದ ಮಾಸ್ತರನಾಗಿ ಇಷ್ಟು ಹೇಳದಿರಲಾರೆ.) ಹೋದವರು ತಾವಾಗಿ ಮಾತು ತೆಗೆಯುವಂತಿಲ್ಲ. ದುಃಖದಲ್ಲಿರುವವರು ಬಾಯಿ ತೆರೆಯುವವರೆಗೆ ಪಕ್ಕದಲ್ಲಿ ಸುಮ್ಮನೆ ಕೂರಬೇಕು. 'ಕದ್ದಿಶ್' ಎಂಬ ಪ್ರಾರ್ಥನೆಯನ್ನಂತೂ ಒಬ್ಬರೇ ಹೇಳುವಂತಿಲ್ಲ. ಹತ್ತು ಜನ ಸೇರಬೇಕು.

ಕೆಲವು ವರ್ಷಗಳ ಹಿಂದೆ ನನ್ನ ಎಂಟನೇ ತರಗತಿಯ ಹುಡುಗನೊಬ್ಬನ ತಂದೆ ತೀರಿಕೊಂಡರು. ಹುಡುಗನಿಗೆ ಕಿವಿ ಕೇಳಿಸದು. ಹೆಣ ಎತ್ತುವ ಹೊತ್ತಿಗೆ ಅವನನ್ನು ಬೇರೆ ಮನೆಗೆ ಕಳಿಸಿದರು. "ಅವನಿಗೇನು ತಿಳೀತದ ಸರ್" ಎಂದರು. ನಾನೂ ತಲೆಯಾಡಿಸಿದೆ. ನಾನು ಪಾಠ ಹೇಳುವಾಗ ತುಟಿ ನೋಡಿಯೇ ಅರ್ಧ ತಿಳಿದುಕೊಳ್ಳುತ್ತಿದ್ದ ಹುಡುಗ ಅವನು!

ಸಮಾಜ ಲೆಕ್ಕಕ್ಕೆ ಹಿಡಿಯದ ಇಂಥ ದುಃಖದ ಬಗ್ಗೆ ಅಮೆರಿಕದ ಕೆನೆತ್ ಡೋಕಾ 1989ರಲ್ಲೇ ಪುಸ್ತಕ ತಂದರು. 2005ರ ಸುಮಾರಿಗೆ ಕ್ಯಾಲಿಫೋರ್ನಿಯಾದ ಅಂಗವಿಕಲ ಹೋರಾಟಗಾರರು 'ಅಂಗವಿಕಲ ನ್ಯಾಯ' ಎಂಬ ವಿಚಾರವನ್ನು ಮುಂದಿಟ್ಟರು. ಎಲ್ಲರೂ ಒಬ್ಬರಿಗೊಬ್ಬರು ಆಸರೆ, ಯಾರನ್ನೂ ಹಿಂದೆ ಬಿಟ್ಟು ಹೋಗಬಾರದು ಎಂಬುದು ಅದರ ತಿರುಳು. ಹಾಗಾದರೆ ಸಾವಿನ ಮನೆಯಲ್ಲಿ? ಪಾಲಕರೇ, "ಅಪ್ಪ ಊರಿಗೆ ಹೋಗ್ಯಾರ" ಎನ್ನಬೇಡಿ. ಸತ್ತರು ಎಂದೇ ತಿಳಿಸಿ. ಸನ್ನೆಯಿಂದಲೋ, ಚಿತ್ರ ಬರೆದೋ. ಮಗು ಬಯಸಿದರೆ ಮುಖ ನೋಡಲಿ, ಮಣ್ಣು ಹಾಕಲಿ. ಗಾಲಿಕುರ್ಚಿಯವರು ಹೊಸ್ತಿಲು ದಾಟಲು ಒಂದು ಹಲಗೆ ಸಾಕು.

ಮೂರನೆಯ ದಿನ ಅವನ ತರಗತಿಯ ನಾಲ್ವರು, ಯಾರೂ ಹೇಳದೆಯೇ, ಹೋಗಿ ಅವನ ಪಕ್ಕ ಕೂತರಂತೆ. ಬಹಳ ಹೊತ್ತಿನ ಮೇಲೆ ಅವನೇ ಒಬ್ಬನ ಅಂಗೈ ಎಳೆದುಕೊಂಡು ಬೆರಳಿನಿಂದ 'ಅಪ್ಪ' ಎಂದು ಬರೆದನಂತೆ.