ಮಕ್ಕಳ ಬೆನ್ನ ಮೇಲಿನ ಹೊರೆ: ಒಮ್ಮೆ ತೂಗಿ ನೋಡೋಣ

ಪ್ರತಿ ವರ್ಷ ಶಾಲೆಗಳು ಪುನರಾರಂಭವಾದಾಗ ಹೆತ್ತವರಿಂದ ಕೇಳಿಬರುವ ಮಾತೊಂದಿದೆ: "ಮಗುವಿಗಿಂತ ಬ್ಯಾಗೇ ಭಾರ." ಆದರೆ ಆ ಬ್ಯಾಗನ್ನು ನಿಜವಾಗಿ ತೂಗಿ ನೋಡಿದವರು ನಮ್ಮಲ್ಲಿ ಎಷ್ಟು ಮಂದಿ?

ಕರಾವಳಿಯ ಧರ್ಮಗುರುಗಳು ಹಾಗೂ ಧರ್ಮಭಗಿನಿಯರು ಬೀದರ್ ಸೀಮೆಯಲ್ಲಿ ಸೇವೆ ಸಲ್ಲಿಸುತ್ತಾ ಬಂದಿರುವುದು ಓದುಗರಿಗೆ ತಿಳಿದ ವಿಷಯ. 2005ರಲ್ಲಿ ಗುಲ್ಬರ್ಗಾ ಧರ್ಮಪ್ರಾಂತ್ಯ ಸ್ಥಾಪನೆಯಾದಾಗ ಅದರ ಪ್ರಥಮ ಧರ್ಮಾಧ್ಯಕ್ಷರಾದ ಅತಿ ವಂದನೀಯ ರಾಬರ್ಟ್ ಮಿರಾಂದ ಅವರು ಮಂಗಳೂರು ಧರ್ಮಪ್ರಾಂತ್ಯದ ಗುರುಗಳಾಗಿದ್ದವರು. ಆ ಧರ್ಮಪ್ರಾಂತ್ಯದ ವ್ಯಾಪ್ತಿಯ ಬಸವಕಲ್ಯಾಣ, ಹುಮನಾಬಾದ್ ಪಟ್ಟಣಗಳ ಶಾಲೆಗಳಿಗೆ ಸುತ್ತಲಿನ ಹಳ್ಳಿಗಳ ಮಕ್ಕಳು ನಡೆದೋ ಬಸ್ಸು ಹಿಡಿದೋ ಬರುತ್ತಾರೆ. ಆ ಕಡೆಯವರು 'ಪಾಟಿಚೀಲ' ಎನ್ನುವ ಬ್ಯಾಗಿಗೆ ಅಲ್ಲಿ ಇನ್ನೊಂದು ಭಾರವೂ ಸೇರುತ್ತದೆ, ಅದು ನೀರು. ಬೇಸಿಗೆಯಲ್ಲಿ 40 ಡಿಗ್ರಿ ಮುಟ್ಟುವ ಬಿಸಿಲಿನಲ್ಲಿ ನೀರಿಲ್ಲದೆ ಮಗುವನ್ನು ಕಳುಹಿಸುವಂತಿಲ್ಲ. ಆದರೆ ಒಂದು ಲೀಟರ್ ನೀರೆಂದರೆ ಒಂದು ಕಿಲೋ. ಹೆಗಲಿಗೆ ಅದು ಪುಸ್ತಕವೋ ನೀರೋ ತಿಳಿಯುವುದಿಲ್ಲ.

ನಿಯಮ ಏನು ಹೇಳುತ್ತದೆ?

ಈ ಚರ್ಚೆ ಹೊಸದಲ್ಲ. ಮೈಸೂರಿನಲ್ಲಿ ನೆಲೆಸಿದ್ದ ಲೇಖಕ ಆರ್.ಕೆ. ನಾರಾಯಣ್ ಅವರು 1989ರಲ್ಲಿ ರಾಜ್ಯಸಭೆಯಲ್ಲಿ ಮಕ್ಕಳ ಬ್ಯಾಗಿನ ಭಾರದ ಬಗ್ಗೆ ಮಾತನಾಡಿದರು. ಬಳಿಕ ನೇಮಕವಾದ ಪ್ರೊ. ಯಶಪಾಲ್ ಸಮಿತಿ 1993ರಲ್ಲಿ ವರದಿ ನೀಡಿತು. ಕರ್ನಾಟಕ ಸರಕಾರ 2019ರಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ ಬ್ಯಾಗಿನ ತೂಕ ಮಗುವಿನ ತೂಕದ ಶೇಕಡಾ 10ನ್ನು ಮೀರಬಾರದು. ತರಗತಿವಾರು ಮಿತಿ ಹೀಗಿದೆ:

1 ಮತ್ತು 2ನೇ ತರಗತಿ: 1.5ರಿಂದ 2 ಕಿಲೋ
3ರಿಂದ 5ನೇ ತರಗತಿ: 2ರಿಂದ 3 ಕಿಲೋ
6ರಿಂದ 8ನೇ ತರಗತಿ: 3ರಿಂದ 4 ಕಿಲೋ
9 ಮತ್ತು 10ನೇ ತರಗತಿ: 4ರಿಂದ 5 ಕಿಲೋ

2023ರಲ್ಲಿ ಸರಕಾರ ಇದನ್ನೇ ಮತ್ತೊಮ್ಮೆ ನೆನಪಿಸಿತು. ತಿಂಗಳಿಗೊಂದು ಬ್ಯಾಗ್ ರಹಿತ ದಿನವಾಗಿ 'ಸಂಭ್ರಮ ಶನಿವಾರ'ವನ್ನೂ ಸೂಚಿಸಿತು. ಅಂದರೆ 20 ಕಿಲೋ ತೂಗುವ ಮಗು ಹೊರಬಹುದಾದದ್ದು ಎರಡು ಕಿಲೋ. ಅದರಲ್ಲಿ ನೀರಿನ ಬಾಟ್ಲಿಯೇ ಒಂದು ಕಿಲೋ ತೂಗಿದರೆ ಉಳಿದದ್ದೆಷ್ಟು ಎಂದು ಲೆಕ್ಕ ಹಾಕಿ.

ಹೆದರುವುದು ಬೇಡ, ಅಸಡ್ಡೆಯೂ ಬೇಡ

ಭಾರವಾದ ಬ್ಯಾಗಿನಿಂದ ಬೆನ್ನುಮೂಳೆ ಶಾಶ್ವತವಾಗಿ ಸೊಟ್ಟಗಾಗುತ್ತದೆ ಎಂದು ಹೆದರಿಸುವವರಿದ್ದಾರೆ. ಇದಕ್ಕೆ ಗಟ್ಟಿ ಆಧಾರವಿಲ್ಲ. ಹಲವು ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿ 2018ರಲ್ಲಿ ಪ್ರಕಟವಾದ ವಿಮರ್ಶೆಯೊಂದು, ಬ್ಯಾಗ್ ಒಂದರಿಂದಲೇ ಮಕ್ಕಳಿಗೆ ಬೆನ್ನುನೋವು ಬರುತ್ತದೆ ಎನ್ನಲು ಮನವರಿಕೆಯಾಗುವ ಪುರಾವೆ ಸಿಗಲಿಲ್ಲ ಎಂದಿತು. ಆಟವಿಲ್ಲದೆ ಗಂಟೆಗಟ್ಟಲೆ ಕೂರುವುದು, ನಿದ್ರೆ ಸಾಲದಿರುವುದು, ಮನಸ್ಸಿನ ಚಿಂತೆ ಇವೂ ನೋವಿನ ಜೊತೆ ಬೆಸೆದುಕೊಂಡಿರುತ್ತವೆ. ಹಾಗೆಂದು ಹೊರೆ ಏನೂ ಮಾಡುವುದಿಲ್ಲವೆಂದಲ್ಲ. ಭಾರ ಹೆಚ್ಚಾದಾಗ ಮಗು ಮುಂದಕ್ಕೆ ಬಾಗಿ ನಡೆಯುತ್ತದೆ, ಹೆಗಲಲ್ಲಿ ಪಟ್ಟಿಯ ಗುರುತು ಮೂಡುತ್ತದೆ, ಬೇಗ ದಣಿಯುತ್ತದೆ. ದಣಿದ ಮಗು ಪಾಠವನ್ನು ಹೇಗೆ ಕೇಳೀತು?

ಮನೆಯಲ್ಲಿ ಮಾಡಬಹುದಾದದ್ದು

ಮೊದಲು ಬ್ಯಾಗನ್ನು ತೂಗಿ. ಮನೆಯಲ್ಲಿ ತಕ್ಕಡಿ ಇಲ್ಲದಿದ್ದರೆ ಕಿರಾಣಿ ಅಂಗಡಿಯಲ್ಲಿದೆ. ಪ್ರತಿ ರಾತ್ರಿ ಮರುದಿನದ ವೇಳಾಪಟ್ಟಿ ನೋಡಿ ಬೇಕಾದ ಪುಸ್ತಕಗಳನ್ನು ಮಾತ್ರ ಇಡಿಸಿ. ದಪ್ಪ ನೋಟ್ ಪುಸ್ತಕದ ಬದಲು ತೆಳುವಾದುದನ್ನು ಕೊಡಿಸಿ. ಭಾರವಾದ ಪುಸ್ತಕ ಬೆನ್ನಿಗೆ ತಾಗಿಕೊಂಡಿರಲಿ. ಎರಡೂ ಪಟ್ಟಿಗಳನ್ನು ಹೆಗಲಿಗೆ ಹಾಕುವ ಅಭ್ಯಾಸ ಮಾಡಿಸಿ; ಪಟ್ಟಿಗಳು ಅಗಲವಾಗಿರಲಿ, ಬ್ಯಾಗು ಸೊಂಟಕ್ಕಿಂತ ಕೆಳಗೆ ಜೋತಾಡದಿರಲಿ. ಬಸ್ಸಿಗೆ ಕಾಯುವಾಗ ಕೆಳಗಿಡಲಿ, ಸೀಟು ಸಿಕ್ಕಿದರೆ ತೊಡೆಯ ಮೇಲಿರಲಿ. ನೋವು ವಾರಗಟ್ಟಲೆ ಉಳಿದರೆ, ರಾತ್ರಿ ನಿದ್ರೆ ಕೆಡಿಸಿದರೆ, ಜ್ವರ ಅಥವಾ ಕಾಲುಗಳಲ್ಲಿ ಜೋಮು, ನಿಶ್ಶಕ್ತಿ ಕಂಡರೆ ಬ್ಯಾಗನ್ನು ದೂರುತ್ತಾ ಕೂರದೆ ವೈದ್ಯರಿಗೆ ತೋರಿಸಿ.

ಶಾಲೆ ಮತ್ತು ಧರ್ಮಸಭೆಯ ಪಾಲು

ಹೆತ್ತವರು ಮಾತ್ರವೇ ಇದನ್ನು ಸರಿಪಡಿಸಲಾರರು. "ಎಲ್ಲಾ ಪುಸ್ತಕ ತಂದಿದ್ದೀಯಾ?" ಎಂದು ಟೀಚರ್ ಗದರುವುದಾದರೆ ಮಗು ಎಲ್ಲವನ್ನೂ ಹೊತ್ತೇ ಬರುತ್ತದೆ. ನಮ್ಮ ವಿದ್ಯಾಸಂಸ್ಥೆಗಳ ಮುಖ್ಯಸ್ಥರು ಮೂರು ಕೆಲಸ ಮಾಡಬಹುದು: ವೇಳಾಪಟ್ಟಿಯನ್ನು ಕಟ್ಟುನಿಟ್ಟಾಗಿ ಪಾಲಿಸುವುದು, ತರಗತಿಯಲ್ಲಿ ಪುಸ್ತಕವಿಡಲು ಕಪಾಟು ಒದಗಿಸುವುದು, ಮಕ್ಕಳು ನಂಬಿ ಕುಡಿಯಬಹುದಾದ ಶುದ್ಧ ನೀರನ್ನು ಶಾಲೆಯಲ್ಲೇ ನೀಡುವುದು. ನೀರಿನ ವ್ಯವಸ್ಥೆಯಾದರೆ ದಾರಿಗೆ ಅರ್ಧ ಲೀಟರಿನ ಬಾಟ್ಲಿ ಸಾಕು. ಮಗುವಿನ ಹೆಗಲಿಂದ ಅರ್ಧ ಕಿಲೋ ಆ ದಿನವೇ ಇಳಿಯುತ್ತದೆ. ಬಸವಕಲ್ಯಾಣ, ಹುಮನಾಬಾದ್‌ನಂಥ ಬಿಸಿಲ ನಾಡಿನ ಶಾಲೆಗೆ ಒಂದು ನೀರು ಶುದ್ಧೀಕರಣ ಯಂತ್ರ ಅಥವಾ ಕಪಾಟು ನೀಡುವುದು, ತಪಸ್ಸು ಕಾಲದ ದಾನಕ್ಕೆ ದಾರಿ ಹುಡುಕುವ ನಮ್ಮ ವಾಳೆಗಳಿಗೆ ಒಳ್ಳೆಯ ಯೋಜನೆಯಾದೀತು.

ಪರರ ಮೇಲೆ ಹೊರೆ ಹೊರಿಸಿ ತಾವು ದೂರ ನಿಂತವರನ್ನು ಯೇಸುಸ್ವಾಮಿ ಕಟುವಾಗಿ ಖಂಡಿಸಿದ ಪ್ರಸಂಗ ಸಂತ ಲೂಕರ ಶುಭಸಂದೇಶದ 11ನೇ ಅಧ್ಯಾಯದಲ್ಲಿದೆ. ಮಕ್ಕಳ ಬ್ಯಾಗಿನೊಳಗೆ ಏನಿರಬೇಕೆಂದು ನಿರ್ಧರಿಸುವವರು ನಾವು ಹಿರಿಯರು, ಹೊರುವವರು ಅವರು. ನಾಳೆ ಬೆಳಿಗ್ಗೆ ಮಗು ಹೊರಡುವ ಮುನ್ನ ಆ ಬ್ಯಾಗನ್ನು ನಮ್ಮ ಕೈಯಾರೆ ಒಮ್ಮೆ ಎತ್ತಿ ನೋಡೋಣ.